ಒಬಾಮ ಗೆದ್ದ ರಾತ್ರಿ ಜನ ಯಾಕೆ ಅತ್ತರು? 2008ರ ಅಮೆರಿಕ ಅಧ್ಯಕ್ಷೀಯ ಚುನಾವಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬರಾಕ್ ಒಬಾಮ ಗೆದ್ದ ರಾತ್ರಿಯ ವಿಡಿಯೊಗಳು ಈಗಲೂ ಫೋನಿಂದ ಫೋನಿಗೆ ಓಡಾಡುತ್ತಿರುತ್ತವೆ. ಆಗ ಇನ್ನೂ ಚಿಕ್ಕವರಾಗಿದ್ದವರು ಅವನ್ನು ನೋಡಿ ಕೇಳುವ ಮೊದಲ ಪ್ರಶ್ನೆ ಒಂದೇ: ಒಂದು ಚುನಾವಣೆ ಗೆದ್ದದ್ದಕ್ಕೆ ದೊಡ್ಡ ದೊಡ್ಡವರೆಲ್ಲ ಹೀಗೆ ಅಳೋದಾ? ನನಗೆ ತೋಚುವ ಉತ್ತರ ಇಷ್ಟು. ಅವರಲ್ಲಿ ಬಹಳಷ್ಟು ಜನ ಮುಂದಿನ ನಾಲ್ಕು ವರ್ಷಗಳನ್ನು ನೆನೆದು ಅಳಲಿಲ್ಲ, ಹಿಂದಿನ ಇನ್ನೂರು ಮುನ್ನೂರು ವರ್ಷಗಳನ್ನು ನೆನೆದು ಅತ್ತರು. ಇದನ್ನು ಮನಸ್ಸಲ್ಲಿ ಇಟ್ಟುಕೊಂಡು ಕೆಳಗಿನ ಉತ್ತರಗಳನ್ನು ಓದಿ.

ಫಲಿತಾಂಶ ಏನಾಗಿತ್ತು?

ಮತದಾನ ನಡೆದದ್ದು 2008ರ ನವೆಂಬರ್ 4, ಮಂಗಳವಾರ. ಡೆಮಾಕ್ರಟಿಕ್ ಪಕ್ಷದಿಂದ ಬರಾಕ್ ಒಬಾಮ, ರಿಪಬ್ಲಿಕನ್ ಪಕ್ಷದಿಂದ ಜಾನ್ ಮೆಕೇನ್. ಒಬಾಮಗೆ ಬಂದದ್ದು ಸುಮಾರು 6.95 ಕೋಟಿ ಮತ, ಮೆಕೇನ್‌ಗೆ ಸುಮಾರು 5.99 ಕೋಟಿ. ಶೇಕಡಾವಾರು ಹೇಳಬೇಕೆಂದರೆ 52.9 ಮತ್ತು 45.7.

ಅಮೆರಿಕದಲ್ಲಿ ನೇರ ಮತಗಳಿಗಿಂತ ಎಲೆಕ್ಟೋರಲ್ ಕಾಲೇಜಿನ ಲೆಕ್ಕವೇ ಕೊನೆಯದು. ಪ್ರತಿ ರಾಜ್ಯಕ್ಕೂ ಇಷ್ಟಿಷ್ಟು ಅಂತ ಮತಗಳಿರುತ್ತವೆ, ಒಟ್ಟು 538. ಗೆಲ್ಲೋಕೆ 270 ಬೇಕು. ಒಬಾಮಗೆ 365 ಸಿಕ್ಕವು, ಮೆಕೇನ್‌ಗೆ 173. ವರ್ಜೀನಿಯಾ ಮತ್ತು ಇಂಡಿಯಾನಾ ರಾಜ್ಯಗಳು 1964ರ ನಂತರ ಮೊದಲ ಸಲ ಡೆಮಾಕ್ರಟಿಕ್ ಅಭ್ಯರ್ಥಿಗೆ ಒಲಿದವು.

ಇದನ್ನು ಐತಿಹಾಸಿಕ ಅಂತ ಕರೆಯೋದು ಯಾಕೆ? ಪ್ರತಿ ಚುನಾವಣೆಗೂ ಹಾಗೆ ಹೇಳ್ತಾರಲ್ವಾ?

ಹೌದು, ಆ ಪದವನ್ನು ಟೀವಿಯವರು ಸವೆಸಿಬಿಟ್ಟಿದ್ದಾರೆ. ಆದರೆ ಇಲ್ಲಿ ಅದು ಒಪ್ಪುತ್ತದೆ. ಅದಕ್ಕೂ ಮುಂಚೆ ಅಮೆರಿಕದ ಅಧ್ಯಕ್ಷರಾದ ಪ್ರತಿಯೊಬ್ಬರೂ ಬಿಳಿಯರು. ಒಬಾಮ ಮೊದಲ ಕಪ್ಪು ಅಧ್ಯಕ್ಷ. ಅವರು ಸೇರಲು ಹೊರಟ ಶ್ವೇತಭವನವನ್ನು ಕಟ್ಟುವಾಗ ದುಡಿದವರಲ್ಲಿ ಗುಲಾಮರೂ ಇದ್ದರು.

ಸ್ವಲ್ಪ ಹಿಂದೆ ಹೋಗಿ ನೋಡಿದರೆ ಇದರ ತೂಕ ಗೊತ್ತಾಗುತ್ತದೆ. ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಯಾದದ್ದು 1865ರಲ್ಲಿ. ಬಣ್ಣದ ಕಾರಣಕ್ಕೆ ಯಾರ ಮತದ ಹಕ್ಕನ್ನೂ ಕಸಿಯಬಾರದು ಅಂತ ಸಂವಿಧಾನಕ್ಕೆ ಸೇರಿಸಿದ್ದು 1870ರಲ್ಲಿ. ಆದರೆ ದಕ್ಷಿಣದ ರಾಜ್ಯಗಳು ಅದಕ್ಕೆ ಅಡ್ಡದಾರಿ ಹುಡುಕಿಕೊಂಡವು. ಓಟು ಹಾಕಬೇಕಾದರೆ ತೆರಿಗೆ ಕಟ್ಟು ಅಂದರು. ಸಾಕ್ಷರತಾ ಪರೀಕ್ಷೆ ಪಾಸಾಗು ಅಂದರು. ಕಚೇರಿಯ ಬಿಳಿ ಗುಮಾಸ್ತ ರಾಜ್ಯ ಸಂವಿಧಾನದ ಯಾವುದೋ ಒಂದು ಕಲಮನ್ನು ಮುಂದಿಟ್ಟು "ಇದರ ಅರ್ಥ ಬರಿ" ಅನ್ನುತ್ತಿದ್ದ. ಉತ್ತರ ಸರಿಯೋ ತಪ್ಪೋ ಅಂತ ತೀರ್ಮಾನ ಮಾಡುವವನೂ ಅವನೇ. ಕಾಲೇಜು ಓದಿದ ಕಪ್ಪು ಮೇಷ್ಟ್ರನ್ನೂ ಫೇಲ್ ಮಾಡಿ ಕಳಿಸಬಹುದಿತ್ತು. ಹಟ ಹಿಡಿದವರಿಗೆ ಕೆಲಸ ಹೋಗುತ್ತಿತ್ತು, ಮನೆಗೆ ಬೆಂಕಿ ಬೀಳುತ್ತಿತ್ತು, ಕೆಲವರ ಪ್ರಾಣವೇ ಹೋಯಿತು. ಮಿಸಿಸಿಪಿಯಲ್ಲಿ 1964ರಲ್ಲಿ ಮತದಾರರ ಪಟ್ಟಿಯಲ್ಲಿ ಹೆಸರಿದ್ದ ಕಪ್ಪು ಜನರ ಪ್ರಮಾಣ ನೂರಕ್ಕೆ ಏಳೂ ಇರಲಿಲ್ಲ.

ಇದೆಲ್ಲ ಬದಲಾಗಲು ಶುರುವಾದದ್ದು 1965ರ ಆಗಸ್ಟಿನಲ್ಲಿ, ಮತದಾನದ ಹಕ್ಕು ಕಾಯ್ದೆ ಬಂದ ಮೇಲೆ. ಅಂದರೆ ಒಬಾಮ ಹುಟ್ಟಿ ನಾಲ್ಕು ವರ್ಷ ಆಗಿತ್ತು. ಅವರು ಹುಟ್ಟಿದ 1961ರಲ್ಲಿ ಅವರ ತಂದೆ ತಾಯಿಯಂಥವರ ಮದುವೆ, ಅಂದರೆ ಕಪ್ಪು ಗಂಡು ಬಿಳಿ ಹೆಣ್ಣಿನ ಮದುವೆ, ಅಮೆರಿಕದ ಹಲವು ರಾಜ್ಯಗಳಲ್ಲಿ ಅಪರಾಧ. ವರ್ಜೀನಿಯಾದಲ್ಲೂ ಅಪರಾಧವೇ. ಅಲ್ಲಿನ ಒಂದು ದಂಪತಿಯ ಕೇಸಿನಲ್ಲೇ 1967ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನು ಹೊಡೆದುಹಾಕಿತು. ಆ ವರ್ಜೀನಿಯಾ 2008ರಲ್ಲಿ ಅಂಥದ್ದೇ ಒಂದು ಮದುವೆಯ ಮಗನಿಗೆ ಓಟು ಕೊಟ್ಟಿತು. ಇದೆಲ್ಲ ಒಬ್ಬ ಮನುಷ್ಯನ ಆಯಸ್ಸಿನೊಳಗೆ ನಡೆದುಹೋಗಿದೆ.

ಗೆಲುವು ಗೊತ್ತಾದದ್ದು ಎಷ್ಟು ಹೊತ್ತಿಗೆ?

ನ್ಯೂಯಾರ್ಕ್ ಸಮಯ ರಾತ್ರಿ 11 ಗಂಟೆಗೆ. ಪಶ್ಚಿಮ ಕರಾವಳಿಯ ಕ್ಯಾಲಿಫೋರ್ನಿಯಾ ಮುಂತಾದ ರಾಜ್ಯಗಳಲ್ಲಿ ಮತದಾನ ಮುಗಿಯುತ್ತಿದ್ದಂತೆ ಟೀವಿ ಚಾನೆಲ್‌ಗಳು ಒಬಾಮ ಗೆದ್ದರು ಅಂತ ಹೇಳಿದವು. ಶಿಕಾಗೊದಲ್ಲಿ ಆಗ ರಾತ್ರಿ 10, ನಮ್ಮಲ್ಲಿ ಮರುದಿನ ಬೆಳಿಗ್ಗೆ 9.30. ಕಾನೂನಿನ ಪ್ರಕಾರ ಎಲ್ಲ ಮುಗಿಯೋಕೆ ಇನ್ನೂ ಸಮಯ ಬೇಕಿತ್ತು, ಎಲೆಕ್ಟೋರಲ್ ಕಾಲೇಜಿನ ಸದಸ್ಯರು ಮತ ಹಾಕಿದ್ದು ಡಿಸೆಂಬರ್ 15ರಂದು. ಆದರೆ ಜನ ಅಲ್ಲಿವರೆಗೆ ಯಾಕೆ ಕಾಯ್ತಾರೆ?

ಶಿಕಾಗೊದ ಗ್ರಾಂಟ್ ಪಾರ್ಕಿನಲ್ಲಿ ಏನು ನಡೆಯಿತು?

ಒಬಾಮ ತಮ್ಮ ಊರಿನ ಈ ಪಾರ್ಕಿನಲ್ಲೇ ಭಾಷಣ ಮಾಡುವುದು ಅಂತ ಮೊದಲೇ ಗೊತ್ತಾಗಿತ್ತು. ಸುಮಾರು 2 ಲಕ್ಷ 40 ಸಾವಿರ ಜನ ಸೇರಿದ್ದರು ಅಂತ ಅಂದಾಜು. ನವೆಂಬರಿನಲ್ಲಿ ಶಿಕಾಗೊ ಅಂದರೆ ಮೈ ಕೊರೆಯುವ ಚಳಿ, ಆದರೆ ಆ ರಾತ್ರಿ ಹವೆ ಹಿತವಾಗಿತ್ತು. ದೊಡ್ಡ ಪರದೆಯ ಮೇಲೆ ಸುದ್ದಿ ಬಂದ ಕ್ಷಣದ ದೃಶ್ಯ ನೋಡಿದರೆ ಒಂದು ವಿಷಯ ಕಾಣುತ್ತದೆ. ಮೊದಲು ಒಂದು ಕೂಗು. ಆಮೇಲೆ ಜನ ಪಕ್ಕದಲ್ಲಿದ್ದವರನ್ನು, ಗುರುತು ಪರಿಚಯ ಇಲ್ಲದವರನ್ನೂ, ತಬ್ಬಿಕೊಳ್ಳುತ್ತಾರೆ. ಟೀವಿ ನಿರೂಪಕಿ ಓಪ್ರಾ ವಿನ್‌ಫ್ರೇ ಎಂಥ ಹೆಸರುವಾಸಿ ಹೆಂಗಸು. ಅವರೂ ಮುಂದೆ ನಿಂತಿದ್ದ ಅಪರಿಚಿತ ವ್ಯಕ್ತಿಯೊಬ್ಬರ ಹೆಗಲ ಮೇಲೆ ಒರಗಿ ಅಳುತ್ತಿದ್ದರು.

ವೇದಿಕೆಯ ಎರಡು ಬದಿಯಲ್ಲೂ ಗುಂಡು ನಿರೋಧಕ ಗಾಜಿನ ಗೋಡೆ ನಿಲ್ಲಿಸಿದ್ದರು. ಆ ಸಂತೋಷದ ನಡುವೆಯೂ ಒಂದು ಭಯ ಎಲ್ಲರ ಎದೆಯಲ್ಲಿತ್ತು. ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗುಂಡಿಕ್ಕಿ ಕೊಂದದ್ದು ಆ ಜನಕ್ಕೆ ಮರೆಯುವ ಸಂಗತಿ ಅಲ್ಲ. ಒಬಾಮ ಸ್ಪರ್ಧೆಗೆ ಇಳಿದಾಗಿನಿಂದಲೂ ಎಷ್ಟೋ ಹಿರಿಯ ಹೆಂಗಸರು "ಬೇಡಪ್ಪ, ಕೊಂದುಬಿಡ್ತಾರೆ" ಅಂತಲೇ ಹೇಳುತ್ತಿದ್ದರು.

ಪಾರ್ಕಿನದೂ ಒಂದು ಹಳೆಯ ಕಥೆ ಇದೆ. 1968ರಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶದ ಸಮಯದಲ್ಲಿ ವಿಯೆಟ್ನಾಂ ಯುದ್ಧ ವಿರೋಧಿಸಿ ಇಲ್ಲಿ ಸೇರಿದ್ದ ಯುವಕರ ಮೇಲೆ ಪೊಲೀಸರು ಲಾಠಿ ಬೀಸಿದ್ದರು. ಅವತ್ತು ಪೆಟ್ಟು ತಿಂದ ತಲೆಮಾರಿನವರು ನಲವತ್ತು ವರ್ಷ ಆದಮೇಲೆ ಅದೇ ಹುಲ್ಲಿನ ಮೇಲೆ ನಿಂತಿದ್ದರು.

ಜೆಸ್ಸಿ ಜಾಕ್ಸನ್ ಅಳುತ್ತಿರುವ ಫೋಟೊ ಅಷ್ಟು ಪ್ರಸಿದ್ಧ ಯಾಕೆ?

ನನ್ನ ಮಟ್ಟಿಗೆ ಆ ರಾತ್ರಿಯ ಒಂದೇ ಒಂದು ಚಿತ್ರ ಉಳಿಸಿಕೊಳ್ಳಿ ಅಂದರೆ ಇದನ್ನೇ ಉಳಿಸಿಕೊಳ್ಳುತ್ತೇನೆ. ಜನರ ನಡುವೆ ನಿಂತ ಕಪ್ಪು ನಾಯಕ ಜಾಕ್ಸನ್. ಕೈಯಲ್ಲಿ ಪುಟ್ಟ ಅಮೆರಿಕನ್ ಬಾವುಟ. ಬೆರಳು ತುಟಿಯ ಮೇಲೆ. ಕೆನ್ನೆ ಪೂರ್ತಿ ಒದ್ದೆ. ಕಣ್ಣು ಒರೆಸಿಕೊಳ್ಳುವ ಗೋಜಿಗೂ ಹೋಗಿಲ್ಲ.

ಅವರು ಯಾರು ಅಂತ ಗೊತ್ತಿದ್ದರೆ ಈ ಚಿತ್ರ ಇನ್ನೂ ನಾಟುತ್ತದೆ. 1968ರ ಏಪ್ರಿಲ್ 4ರಂದು ಮೆಂಫಿಸ್‌ನ ಲೊರೇನ್ ಮೋಟೆಲಿನಲ್ಲಿ ಕಿಂಗ್ ಅವರ ಮೇಲೆ ಗುಂಡು ಹಾರಿದಾಗ ಜಾಕ್ಸನ್ ಅಲ್ಲೇ ಇದ್ದರು. ಆಮೇಲೆ 1984ರಲ್ಲಿ, 1988ರಲ್ಲಿ ಎರಡು ಸಲ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಲು ತಾವೇ ಹೋರಾಡಿದರು. ಎರಡು ಸಲವೂ ಆಗಲಿಲ್ಲ. 2008ರ ಜುಲೈಯಲ್ಲಿ ಮೈಕ್ ಆನ್ ಆಗಿದೆ ಅಂತ ಗೊತ್ತಿಲ್ಲದೆ ಒಬಾಮ ಬಗ್ಗೆ ಒರಟಾಗಿ ಮಾತಾಡಿ, ಆಮೇಲೆ ಕ್ಷಮೆ ಕೇಳಿದ್ದರು. ಇಷ್ಟೆಲ್ಲ ಇದ್ದೂ ಆ ರಾತ್ರಿ ಅವರು ಜನರ ನಡುವೆ ಬಂದು ನಿಂತಿದ್ದರು.

ಅತ್ತದ್ದು ಯಾಕೆ ಅಂತ ಆಮೇಲೆ ಹಲವರು ಅವರನ್ನೇ ಕೇಳಿದರು. ಕಿಂಗ್, ಮೆಡ್ಗರ್ ಎವರ್ಸ್ ಇವರು ಒಂದು ಗಳಿಗೆಯಾದರೂ ಇದನ್ನು ನೋಡುವಂತಿದ್ದರೆ ಅನ್ನಿಸಿತು ಅನ್ನೋ ಅರ್ಥದ ಮಾತು ಹೇಳಿದರು. ಎವರ್ಸ್ ಅವರನ್ನು 1963ರಲ್ಲಿ ಮಿಸಿಸಿಪಿಯಲ್ಲಿ ಅವರ ಮನೆಯ ಅಂಗಳದಲ್ಲೇ ಗುಂಡಿಕ್ಕಿ ಕೊಂದಿದ್ದರು. ಕಪ್ಪು ಜನರನ್ನು ಮತದಾರರ ಪಟ್ಟಿಗೆ ಸೇರಿಸುವುದು ಅವರ ಮುಖ್ಯ ಕೆಲಸಗಳಲ್ಲಿ ಒಂದಾಗಿತ್ತು.

ಬೇರೆ ಊರುಗಳಲ್ಲಿ?

ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 125ನೇ ಬೀದಿ ಜನರಿಂದ ತುಂಬಿಹೋಯಿತು. ವಾಷಿಂಗ್ಟನ್‌ನಲ್ಲಿ ನಡುರಾತ್ರಿ ಜನ ತಾವಾಗಿಯೇ ಶ್ವೇತಭವನದ ಬೇಲಿಯ ಹತ್ತಿರ ಬಂದು ಸೇರಿದರು. ಡ್ರಮ್ ಬಡಿದರು, ಬಾವುಟ ಬೀಸಿದರು. ಅದೇ ನಗರದ ಯು ಸ್ಟ್ರೀಟ್‌ನಲ್ಲೂ ಬೆಳಗಿನ ಜಾವದವರೆಗೆ ಕುಣಿತ. 1968ರಲ್ಲಿ ಕಿಂಗ್ ಕೊಲೆಯಾದ ರಾತ್ರಿ ಗಲಭೆಯಲ್ಲಿ ಹೊತ್ತಿ ಉರಿದ ಬೀದಿ ಅದು.

ಅಟ್ಲಾಂಟಾದಲ್ಲಿ ಜನ ಸೇರಿದ್ದು ಎಬೆನೆಜರ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ. ಕಿಂಗ್ ಪಾದ್ರಿಯಾಗಿದ್ದ ಚರ್ಚು. ಅಲ್ಲಿ ಸಂಸದ ಜಾನ್ ಲೂಯಿಸ್ ಇದ್ದರು. 1965ರ ಮಾರ್ಚ್ 7ರಂದು ಮತದ ಹಕ್ಕು ಕೇಳಿಕೊಂಡು ಅಲಬಾಮದ ಸೆಲ್ಮಾ ಊರಿನ ಎಡ್ಮಂಡ್ ಪೆಟಸ್ ಸೇತುವೆ ದಾಟುವಾಗ ಪೊಲೀಸರ ಲಾಠಿಗೆ ತಲೆಬುರುಡೆ ಬಿರುಕು ಬಿಟ್ಟಿದ್ದು ಇವರದ್ದೇ. ಮುಂದೆ ಪ್ರಮಾಣವಚನದ ದಿನ ಅವರು ಒಬಾಮ ಹತ್ತಿರ ಒಂದು ಹಸ್ತಾಕ್ಷರ ಕೇಳಿದರು. ಒಬಾಮ ಬರೆದುಕೊಟ್ಟದ್ದು: "ನಿಮ್ಮಿಂದಾಗಿ, ಜಾನ್."

ಭಾಷಣದಲ್ಲಿ ಬರುವ ಆನ್ ನಿಕ್ಸನ್ ಕೂಪರ್ ಯಾರು?

ಅಟ್ಲಾಂಟಾದ 106 ವರ್ಷದ ಅಜ್ಜಿ. ಅವರು ಹುಟ್ಟಿದ ಕಾಲದಲ್ಲಿ ಅವರಂಥವರು ಎರಡು ಕಾರಣಕ್ಕೆ ಓಟು ಹಾಕುವಂತಿರಲಿಲ್ಲ, ಹೆಣ್ಣು ಅನ್ನೋದು ಒಂದು, ಚರ್ಮದ ಬಣ್ಣ ಇನ್ನೊಂದು ಅಂತ ಒಬಾಮ ಹೇಳಿದರು. ಆ ಅಜ್ಜಿ ಕಂಡ ನೂರು ವರ್ಷಗಳನ್ನು ಒಂದೊಂದಾಗಿ ಹೇಳುತ್ತಾ ಹೋದರು. ಕೊನೆಗೆ ಈ ಚುನಾವಣೆಯಲ್ಲಿ ಅವರು ಪರದೆಗೆ ಬೆರಳು ಮುಟ್ಟಿಸಿ ಮತ ಹಾಕಿದ್ದಕ್ಕೆ ತಂದು ನಿಲ್ಲಿಸಿದರು. ಗೆದ್ದ ಮನುಷ್ಯ ತನ್ನ ಕಥೆ ಹೇಳಿಕೊಳ್ಳಬಹುದಿತ್ತು, ಯಾರೂ ಬೇಡ ಅನ್ನುತ್ತಿರಲಿಲ್ಲ. ಅದನ್ನು ಬಿಟ್ಟು ಒಬ್ಬ ಮತದಾರಳ ಕಥೆ ಹೇಳಿದ್ದು ನನಗೆ ತುಂಬಾ ಹಿಡಿಸಿತು. ಕೂಪರ್ 2009ರ ಡಿಸೆಂಬರಿನಲ್ಲಿ ತೀರಿಕೊಂಡರು.

ಸೋತವರು ಹೇಗೆ ನಡೆದುಕೊಂಡರು?

ಮೆಕೇನ್ ಆ ರಾತ್ರಿ ಅರಿಜೋನಾದ ಫೀನಿಕ್ಸ್‌ನಲ್ಲಿ ಬೆಂಬಲಿಗರ ಎದುರು ಬಂದು ನಿಂತರು. ಒಬಾಮಗೆ ಫೋನ್ ಮಾಡಿ ಅಭಿನಂದಿಸಿದೆ ಅಂತ ಹೇಳಿದಾಗ ಸಭೆಯಲ್ಲಿ ಕೆಲವರು ಛೀ ಥೂ ಅಂತ ಕೂಗಿದರು. ಮೆಕೇನ್ ಎರಡೂ ಕೈ ಎತ್ತಿ "ದಯವಿಟ್ಟು" ಅಂದು ಸುಮ್ಮನಾಗಿಸಿದರು. ಆಮೇಲೆ ಇದು ಕಪ್ಪು ಅಮೆರಿಕನ್ನರಿಗೆ ಎಷ್ಟು ದೊಡ್ಡ ದಿನ, ಅವರಿಗೆ ಇವತ್ತು ಎಂಥ ಹೆಮ್ಮೆ ಇರಬೇಕು ಅಂತ ತನಗೆ ಗೊತ್ತಿದೆ ಅಂದರು. 1901ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವರು ಬೂಕರ್ ಟಿ. ವಾಷಿಂಗ್ಟನ್ ಎಂಬ ಕಪ್ಪು ನಾಯಕರನ್ನು ಶ್ವೇತಭವನಕ್ಕೆ ಊಟಕ್ಕೆ ಕರೆದಿದ್ದರು. ಅಷ್ಟಕ್ಕೇ ದೇಶದ ಎಷ್ಟೋ ಕಡೆ ಜನ ಸಿಟ್ಟಿನಿಂದ ಕುದ್ದಿದ್ದರು. ಮೆಕೇನ್ ಅದನ್ನು ನೆನಪಿಸಿ, ಅಂಥ ದೇಶ ಇವತ್ತು ಎಲ್ಲಿಗೆ ಬಂದಿದೆ ನೋಡಿ ಅಂದರು. ಸೋಲಿನ ಹೊಣೆ ನನ್ನದು, ನಿಮ್ಮದಲ್ಲ ಅಂತ ಬೆಂಬಲಿಗರಿಗೆ ಹೇಳಿದರು.

ಇನ್ನೊಂದು ಮಾತೂ ಇತ್ತು. ಒಬಾಮ ಅವರನ್ನು ಸಾಕಿ ಬೆಳೆಸಿದ ಅಜ್ಜಿ ಮ್ಯಾಡಲಿನ್ ಡನ್‌ಹ್ಯಾಮ್ ಹವಾಯಿಯಲ್ಲಿ ಮತದಾನಕ್ಕೆ ಸ್ವಲ್ಪವೇ ಮುಂಚೆ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಮೊಮ್ಮಗನಿಗೆ ಅವರು ಮೊದಲೇ ಹಾಕಿದ್ದ ಓಟು ಲೆಕ್ಕಕ್ಕೆ ಬಂತು, ಆದರೆ ಗೆಲುವು ನೋಡಲು ಅವರಿರಲಿಲ್ಲ. ಮೆಕೇನ್ ಆ ಅಜ್ಜಿಯ ಸಾವಿಗೂ ಸಂತಾಪ ಹೇಳಿದರು.

ಅಕ್ಟೋಬರಿನಲ್ಲೇ ಮಿನೆಸೋಟಾದ ಒಂದು ಸಭೆಯಲ್ಲಿ ಮೆಕೇನ್ ಬೆಂಬಲಿಗರೊಬ್ಬರು ಒಬಾಮರನ್ನು ಅರಬ ಅಂದಾಗ, ಅವರ ಕೈಯಿಂದ ಮೈಕ್ ತೆಗೆದುಕೊಂಡು "ಇಲ್ಲ ಮೇಡಂ, ಅವರು ಒಳ್ಳೆಯ ಸಂಸಾರಸ್ಥ" ಅಂದದ್ದೂ ಇದೇ ಮೆಕೇನ್. ಅರಬರೂ ಒಳ್ಳೆಯ ಸಂಸಾರಸ್ಥರೇ ಅಲ್ವಾ ಅಂತ ಆ ಉತ್ತರದ ಬಗ್ಗೆ ಟೀಕೆ ಬಂತು, ಆ ಟೀಕೆ ನ್ಯಾಯವಾದದ್ದೇ. ಆದರೂ ತನ್ನದೇ ಸಭೆಯಲ್ಲಿ, ಓಟಿನ ಆಸೆ ಬಿಟ್ಟು, ತನ್ನವರಿಗೇ ಇಲ್ಲ ಅನ್ನೋಕೆ ಗಟ್ಟಿತನ ಬೇಕು.

ಬುಷ್ ಸರ್ಕಾರದವರು ಏನಂದರು?

ಆಗಿನ ಅಧ್ಯಕ್ಷ ಜಾರ್ಜ್ ಬುಷ್ ಮರುದಿನ ರೋಸ್ ಗಾರ್ಡನ್‌ನಲ್ಲಿ ಮಾತಾಡಿ ಅಭಿನಂದಿಸಿದರು. ಇಂಥ ದಿನ ನೋಡೋಕೆ ತಾವು ಬದುಕಿರುವುದಿಲ್ಲ ಅಂದುಕೊಂಡ ಎಷ್ಟೋ ನಾಗರಿಕರಿದ್ದರು ಅಂದರು. ವಿದೇಶಾಂಗ ಸಚಿವೆ ಕಾಂಡೊಲೀಜಾ ರೈಸ್ ಎಂದೂ ಭಾವುಕರಾದವರಲ್ಲ, ಅವತ್ತು ಅವರ ಕಣ್ಣೂ ತುಂಬಿದಂತಿತ್ತು. ಆಫ್ರಿಕನ್ ಅಮೆರಿಕನ್ ಆಗಿ ನನಗೆ ವಿಶೇಷ ಹೆಮ್ಮೆ ಅಂದರು. ಅವರು ಬೆಳೆದದ್ದು ಅಲಬಾಮದ ಬರ್ಮಿಂಗ್‌ಹ್ಯಾಮ್‌ನಲ್ಲಿ. 1963ರಲ್ಲಿ ಅಲ್ಲಿನ ಚರ್ಚಿಗೆ ಬಾಂಬ್ ಇಟ್ಟಾಗ ಸತ್ತ ನಾಲ್ಕು ಹುಡುಗಿಯರಲ್ಲಿ ಒಬ್ಬಳು ಅವರ ಬಾಲ್ಯದ ಗೆಳತಿ. ಪಕ್ಷ ಬೇರೆ ಇರಬಹುದು, ನೆನಪು ಒಂದೇ.

ಬಿಳಿಯರ ಓಟು ಇಲ್ಲದೆ ಗೆಲ್ಲೋದು ಸಾಧ್ಯವಿತ್ತಾ?

ಇಲ್ಲ. ಕಪ್ಪು ಜನ ಅಮೆರಿಕದ ಜನಸಂಖ್ಯೆಯಲ್ಲಿ ಶೇ 13ರಷ್ಟು ಮಾತ್ರ. ಮತದಾನ ಮಾಡಿ ಹೊರಬಂದವರ ಸಮೀಕ್ಷೆ ಪ್ರಕಾರ ಓಟು ಹಾಕಿದ ಕಪ್ಪು ಜನರಲ್ಲಿ ಶೇ 95 ಮಂದಿ ಒಬಾಮಗೆ ಹಾಕಿದರು. ಬಿಳಿಯರಲ್ಲಿ ಶೇ 43, 30 ವರ್ಷದೊಳಗಿನವರಲ್ಲಿ ಶೇ 66, ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಜನರಲ್ಲಿ ಶೇ 67. ಬಿಳಿಯರಲ್ಲಿ ಬಹುಮತ ಮೆಕೇನ್‌ಗೇ ಹೋಗಿತ್ತು ಅನ್ನೋದನ್ನು ಮರೆಯಬಾರದು. ಆದರೆ 2004ರಲ್ಲಿ ಬಿಳಿಯ ಅಭ್ಯರ್ಥಿ ಜಾನ್ ಕೆರಿ ಪಡೆದದ್ದಕ್ಕಿಂತ ಒಬಾಮ ಸ್ವಲ್ಪ ಜಾಸ್ತಿಯೇ ಪಡೆದರು. ಅಲಬಾಮದಂಥ ರಾಜ್ಯದಲ್ಲಿ ಮಾತ್ರ ಹತ್ತು ಬಿಳಿಯರಲ್ಲಿ ಒಬ್ಬರು ಹಾಕಿದರೆ ಹೆಚ್ಚು ಅನ್ನುವ ಸ್ಥಿತಿ.

ಚುನಾವಣೆಗೆ ಮುಂಚೆ ಎಲ್ಲೆಲ್ಲೂ "ಬ್ರಾಡ್ಲಿ ಎಫೆಕ್ಟ್" ಮಾತು. 1982ರಲ್ಲಿ ಕ್ಯಾಲಿಫೋರ್ನಿಯಾ ಗವರ್ನರ್ ಚುನಾವಣೆಯಲ್ಲಿ ಕಪ್ಪು ಅಭ್ಯರ್ಥಿ ಟಾಮ್ ಬ್ರಾಡ್ಲಿ ಸಮೀಕ್ಷೆಗಳಲ್ಲಿ ಮುಂದಿದ್ದೂ ಸೋತಿದ್ದರು. ಬಿಳಿಯರು ಸಮೀಕ್ಷೆಯವರ ಮುಂದೆ ಒಂದು ಹೇಳಿ, ಒಳಗೆ ಹೋಗಿ ಇನ್ನೊಂದು ಮಾಡ್ತಾರೆ ಅನ್ನೋ ಅನುಮಾನ ಅಲ್ಲಿಂದ ಬಂತು. 2008ರಲ್ಲಿ ಹಾಗಾಗಲಿಲ್ಲ. ಆ ರಾತ್ರಿ 11 ಗಂಟೆಯವರೆಗೂ ಜನ ಉಸಿರು ಬಿಗಿಹಿಡಿದು ಕೂತದ್ದಕ್ಕೆ ಈ ಅನುಮಾನವೂ ಒಂದು ಕಾರಣ.

ಆರ್ಥಿಕ ಸ್ಥಿತಿಯ ಪಾತ್ರವೂ ದೊಡ್ಡದು. ಸೆಪ್ಟೆಂಬರ್ 15ರಂದು ಲೀಮನ್ ಬ್ರದರ್ಸ್ ಅನ್ನೋ ದೊಡ್ಡ ಹೂಡಿಕೆ ಬ್ಯಾಂಕು ದಿವಾಳಿಯಾಯಿತು. ಅದೇ ದಿನ ಮೆಕೇನ್ ನಮ್ಮ ಆರ್ಥಿಕತೆಯ ಬುನಾದಿ ಗಟ್ಟಿಯಾಗಿದೆ ಅಂದುಬಿಟ್ಟರು. ಕೆಲಸ ಕಳಕೊಳ್ಳುವ ಭಯದಲ್ಲಿದ್ದ ಜನಕ್ಕೆ ಅದು ಹೇಗೆ ಕೇಳಿಸಿರಬೇಡ?

ಎಲ್ಲರಿಗೂ ಖುಷಿಯಾಯಿತಾ?

ಖಂಡಿತ ಇಲ್ಲ, ಇದನ್ನು ಬಿಟ್ಟು ಆ ರಾತ್ರಿಯ ಕಥೆ ಹೇಳೋದು ಸುಳ್ಳಾಗುತ್ತದೆ. ಸುಮಾರು ಆರು ಕೋಟಿ ಜನ ಬೇರೆಯವರಿಗೆ ಓಟು ಹಾಕಿದ್ದರು. ಅವರಲ್ಲಿ ಬಹುಪಾಲು ಜನರದ್ದು ಮಾಮೂಲಿ ರಾಜಕೀಯ ನಿರಾಶೆ: ತೆರಿಗೆ, ಗರ್ಭಪಾತ, ಇರಾಕ್ ಯುದ್ಧ. ಅವರನ್ನೆಲ್ಲ ಒಂದೇ ಗಂಟಿಗೆ ಕಟ್ಟಿ ವರ್ಣದ್ವೇಷಿಗಳು ಅನ್ನೋದು ಅನ್ಯಾಯ.

ಆದರೆ ದ್ವೇಷವೂ ಇತ್ತು. ಒಬಾಮ ಗೆದ್ದ ಕೆಲವೇ ಗಂಟೆಗಳಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕಪ್ಪು ಸಮುದಾಯದವರು ಕಟ್ಟಿಸುತ್ತಿದ್ದ ಮ್ಯಾಸಿಡೋನಿಯಾ ಚರ್ಚಿಗೆ ಬೆಂಕಿ ಬಿತ್ತು. ಹಚ್ಚಿದವರು ಮೂವರು ಬಿಳಿ ಯುವಕರು, ಫಲಿತಾಂಶದ ಸಿಟ್ಟಿಗೆ ಹಚ್ಚಿದ್ದು ಅಂತ ತನಿಖೆಯಲ್ಲಿ ಹೊರಬಂತು. ಮುಗಿಯುತ್ತಾ ಬಂದಿದ್ದ ಕಟ್ಟಡ ಸುಟ್ಟುಹೋಯಿತು. ಮೂವರಿಗೂ ಶಿಕ್ಷೆಯಾಯಿತು. ಸಭೆಯವರು ಚರ್ಚನ್ನು ಮತ್ತೆ ಕಟ್ಟಿದರು. ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್‌ನಲ್ಲೂ ಅದೇ ರಾತ್ರಿ ಕಪ್ಪು ಹುಡುಗನೊಬ್ಬನನ್ನು ಹಿಡಿದು ಹೊಡೆದರು. ಇದು ದಕ್ಷಿಣದ ಹಳ್ಳಿಗಾಡಿನ ಕಥೆಯಲ್ಲ ಅನ್ನೋದನ್ನು ಗಮನಿಸಿ. ಎರಡೂ ಒಬಾಮ ಸುಲಭವಾಗಿ ಗೆದ್ದ ರಾಜ್ಯಗಳು.

ಬಂದೂಕಿನ ಅಂಗಡಿಗಳಲ್ಲೂ ನೂಕುನುಗ್ಗಲು. ಹೊಸ ಸರ್ಕಾರ ಬಂದೂಕು ನಿಷೇಧಿಸುತ್ತದೆ ಅನ್ನೋ ಭಯ. ಬಂದೂಕು ಕೊಳ್ಳುವವರ ಹಿನ್ನೆಲೆ ಪರಿಶೀಲನೆ ಆ ನವೆಂಬರಿನಲ್ಲಿ 15 ಲಕ್ಷ ದಾಟಿತು. ಹಿಂದಿನ ವರ್ಷದ ನವೆಂಬರಿಗಿಂತ ಸುಮಾರು ಶೇ 42 ಜಾಸ್ತಿ.

ಗೆಲುವಿನ ಬೆನ್ನಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಪ್ರತಿಭಟನೆ ಶುರುವಾದದ್ದು ಯಾಕೆ?

ಅದು ಬೇರೆ ವಿಷಯಕ್ಕೆ. ಕ್ಯಾಲಿಫೋರ್ನಿಯಾ ಒಬಾಮಗೆ ಭಾರಿ ಬಹುಮತ ಕೊಟ್ಟಿತು. ಅದೇ ಮತಪತ್ರದಲ್ಲಿ ಪ್ರೊಪೊಸಿಷನ್ 8 ಕೂಡ ಇತ್ತು. ಸಲಿಂಗ ಮದುವೆಯನ್ನು ನಿಲ್ಲಿಸುವ ಪ್ರಸ್ತಾವ. ಅದು ಶೇ 52ರಷ್ಟು ಮತದಿಂದ ಪಾಸಾಯಿತು. ಒಂದೇ ಮನೆಯಲ್ಲಿ, ಒಂದೇ ಟೀವಿಯ ಮುಂದೆ, ಒಬಾಮ ಗೆದ್ದರು ಅಂತ ಕುಣಿದವರು ಸ್ವಲ್ಪ ಹೊತ್ತಿಗೆ ತಮ್ಮ ಮದುವೆಯೇ ಪ್ರಶ್ನೆಯಾಯಿತಲ್ಲ ಅಂತ ಕುಸಿದು ಕೂತರು. ಆ ವರ್ಷ ಬೇಸಿಗೆಯಿಂದ ಸಾವಿರಾರು ಜೋಡಿಗಳು ಅಲ್ಲಿ ಮದುವೆಯಾಗಿದ್ದವು. ಮರುದಿನದಿಂದಲೇ ಜನ ಬೀದಿಗಿಳಿದರು.

ಷೇರುಪೇಟೆ?

ಮತದಾನದ ದಿನ ಅಮೆರಿಕದ ಷೇರು ಸೂಚ್ಯಂಕ ಡೌ ಜೋನ್ಸ್ ಸುಮಾರು 305 ಅಂಶ ಏರಿತ್ತು, ಮರುದಿನ 486 ಅಂಶ ಬಿತ್ತು. ಅದನ್ನು ಒಬಾಮ ಮೇಲಿನ ತೀರ್ಪು ಅಂತ ಓದಿದವರಿದ್ದಾರೆ. ಆ ತಿಂಗಳುಗಳಲ್ಲಿ ಪೇಟೆ ದಿನಾ ಹೀಗೇ ಜೋಲಿ ಹೊಡೆಯುತ್ತಿತ್ತು, ಅದಕ್ಕೆ ಜಾಸ್ತಿ ಅರ್ಥ ಹಚ್ಚಬೇಕಿಲ್ಲ.

ಜನ ನ್ಯೂಸ್‌ಪೇಪರಿಗೆ ಕ್ಯೂ ನಿಂತಿದ್ದು ನಿಜವಾ?

ನಿಜ. ನವೆಂಬರ್ 5ರ ಬೆಳಿಗ್ಗೆ ಅಂಗಡಿಗಳಲ್ಲಿ ಪತ್ರಿಕೆ ಖಾಲಿ. ನ್ಯೂಯಾರ್ಕ್ ಟೈಮ್ಸ್ ಕಟ್ಟಡದ ಮುಂದೆಯೇ ಜನ ಸಾಲು ನಿಂತರು. ಹಲವು ಪತ್ರಿಕೆಗಳು ಮತ್ತೆ ಅಚ್ಚು ಹಾಕಬೇಕಾಯಿತು. ಟೈಮ್ಸ್‌ನ ಮುಖಪುಟದಲ್ಲಿ ದೊಡ್ಡ ಅಕ್ಷರದಲ್ಲಿ "ಒಬಾಮ" ಅನ್ನೋ ಒಂದೇ ಪದದ ತಲೆಬರಹ. ಆನ್‌ಲೈನಿನಲ್ಲಿ ಪ್ರತಿಗಳು ಮುಖಬೆಲೆಯ ಎಷ್ಟೋ ಪಟ್ಟು ಬೆಲೆಗೆ ಮಾರಾಟವಾದವು. ಸುದ್ದಿ ಫೋನಿನಲ್ಲಿ, ಟೀವಿಯಲ್ಲಿ ಆಗಲೇ ಸಿಕ್ಕಿತ್ತು. ಜನಕ್ಕೆ ಬೇಕಿದ್ದದ್ದು ಮಕ್ಕಳಿಗೆ, ಮೊಮ್ಮಕ್ಕಳಿಗೆ ಎತ್ತಿಡಬಹುದಾದ ಒಂದು ಕಾಗದ.

ಕೀನ್ಯಾದಲ್ಲಿ ರಜೆ ಕೊಟ್ಟರಂತೆ?

ಹೌದು. ಒಬಾಮ ಅವರ ತಂದೆ ಕೀನ್ಯಾದವರು, ಲುವೊ ಸಮುದಾಯದವರು. ಪಶ್ಚಿಮ ಕೀನ್ಯಾದ ಕೊಗೆಲೊ ಹಳ್ಳಿಯಲ್ಲಿ ತಂದೆಯ ಮಲತಾಯಿ ಸಾರಾ ಒಬಾಮ ಇದ್ದರು. ಅಲ್ಲಿ ಜನ ಇಡೀ ರಾತ್ರಿ ಎಚ್ಚರವಿದ್ದು, ಬೆಳಿಗ್ಗೆ 7 ಗಂಟೆಗೆ ಸುದ್ದಿ ಬಂದಾಗ ಹಾಡಿ ಕುಣಿದರು. ಅಧ್ಯಕ್ಷ ಮ್ವಾಯ್ ಕಿಬಾಕಿ ನವೆಂಬರ್ 6ನ್ನು ರಾಷ್ಟ್ರೀಯ ರಜೆ ಅಂತ ಘೋಷಿಸಿದರು.

ಈ ಸಂಭ್ರಮಕ್ಕೆ ಒಂದು ನೋವಿನ ಹಿನ್ನೆಲೆ ಇದೆ. 2007ರ ಡಿಸೆಂಬರಿನಲ್ಲಿ ಕೀನ್ಯಾದ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶಕ್ಕೆ ತಕರಾರು ಎದ್ದು, ಹಿಂಸೆ ಭುಗಿಲೆದ್ದು, ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಅದರಲ್ಲಿ ಲುವೊ ಮತ್ತು ಕಿಕುಯು ಸಮುದಾಯಗಳ ನಡುವಿನ ಹಗೆಯೂ ಸೇರಿತ್ತು. ಲುವೊ ಒಬ್ಬ ಕೀನ್ಯಾದ ಅಧ್ಯಕ್ಷನಾಗುವ ಮುಂಚೆ ಅಮೆರಿಕದ ಅಧ್ಯಕ್ಷನಾಗ್ತಾನೆ ಅನ್ನೋ ಮಾತು ಅಲ್ಲಿ ಆ ವರ್ಷ ಎಲ್ಲರ ಬಾಯಲ್ಲಿತ್ತು. ಹಾಗೇ ಆಯಿತು. ಸೋತವನು ಗೆದ್ದವನಿಗೆ ಫೋನ್ ಮಾಡಿ ಅಭಿನಂದಿಸಿದ್ದನ್ನು ಕೀನ್ಯಾದವರು ಯಾವ ಕಣ್ಣಿನಿಂದ ನೋಡಿರಬಹುದು ಅಂತ ಯೋಚಿಸಿ.

ಉಳಿದ ದೇಶಗಳು?

ಒಬಾಮ ಬಾಲ್ಯದಲ್ಲಿ ಓದಿದ ಜಕಾರ್ತದ ಮೆಂತೆಂಗ್ ಶಾಲೆಯಲ್ಲಿ ಮಕ್ಕಳು ಕುಣಿದಾಡಿದರು. ಜಪಾನಿನಲ್ಲಿ ಒಬಾಮ ಅಂತಲೇ ಹೆಸರಿರುವ ಒಂದು ಊರಿದೆ, ಅಲ್ಲೂ ಹಬ್ಬ. ನೆಲ್ಸನ್ ಮಂಡೇಲಾ ಪತ್ರ ಬರೆದು, ಜಗತ್ತನ್ನು ಒಳ್ಳೆಯದಾಗಿ ಬದಲಿಸುವ ಕನಸು ಕಾಣಲು ಯಾರೂ ಎಲ್ಲೂ ಹಿಂಜರಿಯಬಾರದು ಅಂತ ನಿಮ್ಮ ಗೆಲುವು ತೋರಿಸಿತು ಅಂದರು. ಇರಾನಿನ ಅಧ್ಯಕ್ಷ ಅಹ್ಮದಿನೆಜಾದ್ ಅಭಿನಂದನಾ ಪತ್ರ ಕಳಿಸಿದ್ದು 1979ರ ಕ್ರಾಂತಿಯ ನಂತರ ಅಲ್ಲಿಂದ ಬಂದ ಅಂಥ ಮೊದಲ ಪತ್ರ.

ಎಲ್ಲವೂ ಸಿಹಿಯಾಗಿರಲಿಲ್ಲ. ರಷ್ಯಾದ ಅಧ್ಯಕ್ಷ ಮೆಡ್ವೆಡೆವ್ ನವೆಂಬರ್ 5ರಂದೇ ಪೋಲೆಂಡ್ ಪಕ್ಕದ ತಮ್ಮ ಕಲಿನಿನ್‌ಗ್ರಾಡ್‌ನಲ್ಲಿ ಕ್ಷಿಪಣಿ ನಿಲ್ಲಿಸುತ್ತೇವೆ ಅಂತ ಎಚ್ಚರಿಸಿದರು. ಇಟಲಿಯ ಪ್ರಧಾನಿ ಬೆರ್ಲುಸ್ಕೋನಿ ಒಬಾಮ ಚೆಲುವ, ತರುಣ, ಬಿಸಿಲಲ್ಲಿ ಕಂದಿದ ಮೈಬಣ್ಣದವನು ಅಂದುಬಿಟ್ಟರು. ಅದು ಹೊಗಳಿಕೆ ಅಂತ ವಾದಿಸಿದರು ಬೇರೆ. ಕೇಳಿದವರಿಗೆ ಅದು ಅವಮಾನವೇ.

"ವರ್ಣಭೇದ ಇನ್ನು ಮುಗಿಯಿತು" ಅಂತ ಆಗ ಹೇಳಿದರಲ್ಲ, ಅದು ಸರಿಯಾ?

ಸರಿಯಲ್ಲ. ಹೀಗೆ ಹೇಳಿದವರು ಆ ರಾತ್ರಿಯ ಕಣ್ಣೀರನ್ನು ತಪ್ಪಾಗಿ ಓದಿದರು ಅಂತಲೇ ನನ್ನ ನಂಬಿಕೆ. ಅತ್ತವರಿಗೆ ಎಲ್ಲ ಸರಿಹೋಯಿತು ಅನ್ನೋ ಭ್ರಮೆ ಇರಲಿಲ್ಲ. ಸತ್ತವರ ಶ್ರಮ ವ್ಯರ್ಥವಾಗಲಿಲ್ಲ ಅನ್ನೋ ನೆಮ್ಮದಿ ಇತ್ತು. ಎರಡೂ ಬೇರೆ ಬೇರೆ.

ಮುಂದೆ ನಡೆದದ್ದು ಎಲ್ಲರಿಗೂ ಗೊತ್ತು. ಒಬಾಮ ಅಮೆರಿಕದಲ್ಲಿ ಹುಟ್ಟಿದವರೇ ಅಲ್ಲ ಅನ್ನೋ ಸುಳ್ಳು ಎಷ್ಟು ಹಬ್ಬಿತು ಅಂದರೆ, 2011ರ ಏಪ್ರಿಲಿನಲ್ಲಿ ಒಬ್ಬ ಹಾಲಿ ಅಧ್ಯಕ್ಷ ತನ್ನ ಜನನ ಪತ್ರದ ಪೂರ್ತಿ ಪ್ರತಿ ಬಿಡುಗಡೆ ಮಾಡಬೇಕಾಯಿತು. 2013ರಲ್ಲಿ ಸುಪ್ರೀಂ ಕೋರ್ಟ್ 1965ರ ಮತದಾನದ ಹಕ್ಕು ಕಾಯ್ದೆಯ ಒಂದು ಮುಖ್ಯ ಭಾಗವನ್ನು ರದ್ದು ಮಾಡಿತು. ದೇಶ ಬದಲಾಗಿದೆ ಅನ್ನೋದೇ ತೀರ್ಪಿನ ವಾದದ ತಿರುಳು. ಅದನ್ನು ಬರೆದ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್, ಒಬಾಮಗೆ ಪ್ರಮಾಣವಚನ ಬೋಧಿಸಿದವರೇ. 2015ರ ಜೂನಿನಲ್ಲಿ ಚಾರ್ಲ್‌ಸ್ಟನ್‌ನ ಕಪ್ಪು ಜನರ ಚರ್ಚಿನಲ್ಲಿ ಬೈಬಲ್ ಓದುತ್ತಿದ್ದ ಒಂಬತ್ತು ಜನರನ್ನು ಒಬ್ಬ ಬಿಳಿ ಯುವಕ ಕೊಂದ.

ಹಾಗಾದರೆ ಆ ಸಂಭ್ರಮ ಪೊಳ್ಳಾಗಿತ್ತಾ?

ಇಲ್ಲ, ಇದನ್ನು ನಾನು ಒಪ್ಪೋದೇ ಇಲ್ಲ. ಆಮೇಲೆ ಬಂದ ಕೆಟ್ಟ ದಿನಗಳು ಆ ದಿನವನ್ನು ಸುಳ್ಳು ಮಾಡುವುದಿಲ್ಲ. ಸರದಿಯಲ್ಲಿ ಗಂಟೆಗಟ್ಟಲೆ ನಿಂತು ಓಟು ಹಾಕಿದ ಮುದುಕರ ಕೈಯಲ್ಲಿ ಅವತ್ತು ಒಂದು ಫಲಿತಾಂಶ ಇತ್ತು. ಅದನ್ನು ಯಾವ ಕೋರ್ಟೂ ವಾಪಸ್ ತೆಗೆದುಕೊಳ್ಳಲು ಆಗಲಿಲ್ಲ.

ಉತ್ಸಾಹ ಎಷ್ಟು ಕಾಲ ಉಳಿಯಿತು?

2009ರ ಜನವರಿ 20ರ ಪ್ರಮಾಣವಚನಕ್ಕೆ ವಾಷಿಂಗ್ಟನ್‌ನ ಕೊರೆಯುವ ಚಳಿಯಲ್ಲಿ ಸುಮಾರು 18 ಲಕ್ಷ ಜನ ಸೇರಿದ್ದರು ಅಂತ ಅಂದಾಜು. ಒಬಾಮ ಕೈ ಇಟ್ಟದ್ದು ಲಿಂಕನ್ ಬಳಸಿದ್ದ ಬೈಬಲ್ ಮೇಲೆ. ಆದರೆ ಅದೇ ವರ್ಷ ಸರ್ಕಾರದ ಖರ್ಚು, ತೆರಿಗೆ ವಿರೋಧಿಸುವ ಬಲಪಂಥೀಯರ ಟೀ ಪಾರ್ಟಿ ಚಳವಳಿ ಎದ್ದಿತು, 2010ರಲ್ಲಿ ಡೆಮಾಕ್ರಟರು ಕೆಳಮನೆಯಲ್ಲಿ 63 ಸ್ಥಾನ ಕಳಕೊಂಡರು. ರಾಜಕೀಯದ ಉತ್ಸಾಹಕ್ಕೆ ಎರಡು ವರ್ಷ ಅಂದರೆ ದೊಡ್ಡ ಆಯಸ್ಸೇ. 2012ರಲ್ಲಿ ಅವರು ಮತ್ತೆ ಗೆದ್ದರು, ಆಗ ಸಮಾಧಾನ ಇತ್ತು, ಆ ಕಣ್ಣೀರು ಇರಲಿಲ್ಲ.

ಆ ರಾತ್ರಿಯನ್ನು ಈಗ ನೋಡಬೇಕೆಂದರೆ ಎಲ್ಲಿಂದ ಶುರು ಮಾಡಲಿ?

ಮೊದಲು ಮೆಕೇನ್ ಭಾಷಣ ಪೂರ್ತಿ ನೋಡಿ, ಆಮೇಲೆ ಒಬಾಮ ಭಾಷಣ. ಎರಡೂ ಸೇರಿ ಅರ್ಧ ಗಂಟೆ ಅಷ್ಟೆ, ಯೂಟ್ಯೂಬಿನಲ್ಲಿ ಸಿಗುತ್ತವೆ. ತುಣುಕು ನೋಡಬೇಡಿ. ಮೆಕೇನ್ ಸಭೆಯಲ್ಲಿ ಕೂಗು ಏಳುವುದು, ಅವರು ಅದನ್ನು ಅಡಗಿಸುವುದು ತುಣುಕಿನಲ್ಲಿ ಬಿಟ್ಟುಹೋಗಿರುತ್ತದೆ. ಒಬಾಮ ಮಾತಾಡುವಾಗ ವೇದಿಕೆಗಿಂತ ಜನರ ಮುಖ ನೋಡಿ. ಯುವಕರು ಜಾಸ್ತಿ ಕೂಗುತ್ತಿರುತ್ತಾರೆ, ವಯಸ್ಸಾದವರು ಸುಮ್ನೆ ನಿಂತಿರುತ್ತಾರೆ. ಅದು ಮುಗಿದ ಮೇಲೆ 1965ರ ಸೆಲ್ಮಾ ಸೇತುವೆಯ ಕಪ್ಪು ಬಿಳುಪು ಸುದ್ದಿಚಿತ್ರವನ್ನೂ ಹುಡುಕಿ ನೋಡಿ.